ಆರಿಂಚಿನ ಮಾರ್ಟರ್, ಗಾಜಿನ ಹಲಗೆ, ಎರಡು ಸ್ಪ್ಯಾಚುಲಾ: ಎಂಟು ತಿಂಗಳು ಅರೆದ ಮೇಲೆ

ಹಳೆ ಮಾರ್ಟರ್, ಅಂದರೆ ಔಷಧ ಅರೆಯುವ ಬಟ್ಟಲು, ಒಡೆದದ್ದು ನನ್ನ ಕೈಯಿಂದಲೇ. ತೊಳೆದು ಕಟ್ಟೆ ಮೇಲೆ ಬೋರಲು ಹಾಕಿದ್ದೆ. ಸೆರಗು ತಾಗಿತು, ಬಿತ್ತು, ಮೂರು ಹೋಳಾಯಿತು. ಇಪ್ಪತ್ತೆರಡು ವರ್ಷ ಬಾಳಿದ ಪಿಂಗಾಣಿ. ಅವತ್ತು ಅರೆದು ಮಾಡಬೇಕಾದ ಎರಡು ಚೀಟಿ ಕಾಯುತ್ತಿದ್ದವು. ಇಬ್ಬರಿಗೂ "ನಾಡಿದ್ದು ಬರ್ರಿ" ಅಂತ ಹೇಳಿ ಕಳಿಸಿದೆ. ಮರುದಿನ ಬೆಳಿಗ್ಗೆ ಹುಬ್ಬಳ್ಳಿ ರೈಲು ಹತ್ತಿದೆ.

ನಾನು ಗದಗದಲ್ಲಿ ಚರ್ಮದ ಡಾಕ್ಟರೊಬ್ಬರ ದವಾಖಾನೆಗೆ ಹೊಂದಿಕೊಂಡ ಔಷಧ ಅಂಗಡಿಯ ಫಾರ್ಮಸಿಸ್ಟ್. ಧಾರವಾಡದಲ್ಲಿ ಡಿ.ಫಾರ್ಮ ಮಾಡಿದವಳು. ಬೆಟಗೇರಿಯ ಹಳೆಯ ಜನ ಈಗಲೂ ನನ್ನನ್ನು ಕಂಪೌಂಡರಕ್ಕ ಅಂತಲೇ ಕರೆಯುತ್ತಾರೆ. ಆ ಹೆಸರು ನನಗೂ ಇಷ್ಟ. ಈಗ ಎಲ್ಲ ಮುಲಾಮೂ ಟ್ಯೂಬಿನಲ್ಲಿ ಬರುತ್ತದೆ, ನಿಜ. ಆದರೆ ನಮ್ಮ ಡಾಕ್ಟರು ಅಂಗಾಲು ಒಡೆದವರಿಗೆ ಒಂದು ಪ್ರಮಾಣ ಬರೆಯುತ್ತಾರೆ, ಹುಳುಕಡ್ಡಿಗೆ ಇನ್ನೊಂದು. ಮಕ್ಕಳ ಡಾಕ್ಟರೊಬ್ಬರು ಆಗಾಗ ಸಣ್ಣ ಪ್ರಮಾಣದ ಪುಡಿ ಪೊಟ್ಟಣ ಮಾಡಿಕೊಡಿ ಅಂತ ಚೀಟಿ ಕಳಿಸುತ್ತಾರೆ. ಹಾಗಾಗಿ ದಿನಕ್ಕೆ ನಾಲ್ಕೈದು ಸಲವಾದರೂ ಅರೆಯುವ ಕೆಲಸ ಇದ್ದೇ ಇರುತ್ತದೆ.

ಈ ಬರಹ ಆಗ ತಂದ ಸಾಮಾನುಗಳ ಬಗ್ಗೆ. ಆರಿಂಚಿನ ಪಿಂಗಾಣಿ ಮಾರ್ಟರ್ ಒಂದು, ನಾಲ್ಕಿಂಚಿನ ಗಾಜಿನದು ಒಂದು, ಸ್ಟೀಲ್ ಸ್ಪ್ಯಾಚುಲಾ (ಕೆರೆದು ಕಲಸುವ ಚಪ್ಪಟೆ ಅಲಗು) ಎರಡು, 60 ನಂಬರಿನ ಜರಡಿ ಒಂದು. ಮುಲಾಮು ಮಾಡುವ ಗಾಜಿನ ಹಲಗೆಯನ್ನು ಬೇರೆ ಕಡೆ ಕತ್ತರಿಸಿಕೊಂಡೆ. ಬಳಸಿ ಎಂಟು ತಿಂಗಳಾಯಿತು, ಹೇಳುವಷ್ಟು ಅನುಭವ ಆಗಿದೆ.

ಮೊದಲು ಅಂಗಡಿ. ಹುಬ್ಬಳ್ಳಿ ಸ್ಟೇಷನ್ನಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಕಾಲೇಜು ಲ್ಯಾಬುಗಳಿಗೆ ಗಾಜಿನ ಸಾಮಾನು ಕೊಡುವ ಸಣ್ಣ ಅಂಗಡಿ. ಹೊರಗಿನಿಂದ ನೋಡಿದರೆ ಬಳೆ ಅಂಗಡಿ ಅನ್ನಿಸುತ್ತದೆ. ಒಳಗೆ ಬೀಕರು, ಫ್ಲಾಸ್ಕು, ಹುಲ್ಲಿನಲ್ಲಿ ಸುತ್ತಿಟ್ಟ ಮಾರ್ಟರ್‌ಗಳು. ಮಾಲೀಕರು ಅರವತ್ತು ದಾಟಿದವರು. ಕೇಳಿದ್ದನ್ನು ತೋರಿಸಿ ಸುಮ್ಮನೆ ಕೂರುತ್ತಾರೆ, ಮೇಲೆ ಬಿದ್ದು ಮಾರುವುದಿಲ್ಲ. ನನಗೆ ಬೇಕಾದದ್ದೂ ಅದೇ. ಮಾರ್ಟರ್ ಕೊಳ್ಳುವಾಗ ಅರ್ಧ ಗಂಟೆ ಬೇಕು, ಮತ್ತೆ ಯಾರೂ ಅವಸರ ಮಾಡಬಾರದು.

ಜನ ಮಾರ್ಟರ್‌ನ ಬಟ್ಟಲು ನೋಡಿ ಕೊಳ್ಳುತ್ತಾರೆ. ನೋಡಬೇಕಾದದ್ದು ಪೆಸಲ್, ಅಂದರೆ ಅರೆಯುವ ಗುಂಡು. ಅದರ ತಳದ ದುಂಡು ಬಟ್ಟಲಿನ ದುಂಡಿಗೆ ಕೂಡಬೇಕು. ಕೂಡದಿದ್ದರೆ ಒಂದು ಬಿಂದುವಿನಲ್ಲಿ ಮಾತ್ರ ಅರೆಯುತ್ತದೆ. ಉಳಿದ ಪುಡಿ ಸುಮ್ನೆ ಪ್ರದಕ್ಷಿಣೆ ಹಾಕುತ್ತದೆ. ಕಣ್ಣಿಗೆ ಇದು ಗೊತ್ತಾಗುವುದಿಲ್ಲ. ಅದಕ್ಕೇ ಪರ್ಸಿನಲ್ಲಿ ಎರಡು ಪೊಟ್ಟಣ ಒಯ್ದಿದ್ದೆ. ಒಂದರಲ್ಲಿ ಸಕ್ಕರೆ ಪುಡಿ, ಇನ್ನೊಂದರಲ್ಲಿ ಕುಂಕುಮ.

ಕುಂಕುಮದ ಪೊಟ್ಟಣ ಬಿಚ್ಚಿದಾಗ ಅಂಗಡಿಯವರು ಕನ್ನಡಕ ಸರಿ ಮಾಡಿಕೊಂಡರು. "ಅಕ್ಕಾರ, ಮಾರ್ಟರ್ ತೊಗೊಳ್ಳಾಕ ಬಂದೀರೋ, ಪೂಜಿ ಮಾಡಾಕ ಬಂದೀರೋ?"

"ಎರಡೂ ಅಂತ ತಿಳೀರಿ" ಅಂದೆ.

ಮೊದಲು ತಪ್ಪು ದಾರಿ ತೋರಿಸಿದೆ. ಬಟ್ಟಲಿನಲ್ಲಿ ನಾಲ್ಕು ಚಮಚ ಸಕ್ಕರೆ ಪುಡಿ ಸುರಿದು, ಮೇಲೆ ಒಂದು ಚಿಟಿಕೆ ಕುಂಕುಮ ಹಾಕಿ, ಗಡಿಯಾರ ನೋಡಿ ಐದು ನಿಮಿಷ ಅರೆದೆ. ಮೇಲಿನಿಂದ ಚೆಂದ ಗುಲಾಬಿ. ಒಂದಿಷ್ಟು ತೆಗೆದು ಬಿಳಿ ಕಾಗದದ ಮೇಲೆ ಹಾಕಿ ಸ್ಪ್ಯಾಚುಲಾದ ಬೆನ್ನಿನಿಂದ ಒತ್ತಿ ಎಳೆದೆ. ಕೆಂಪು ಗೆರೆ, ಕೆಂಪು ಚುಕ್ಕೆ. ಮಧ್ಯದಲ್ಲಿ ಬರೀ ಬಿಳಿ ಉಳಿದ ಜಾಗವೂ ಇತ್ತು.

ಒರೆಸಿ ಸರಿಯಾದ ದಾರಿ ಹಿಡಿದೆ. ಮೊದಲು ಬಟ್ಟಲಿಗೆ ಚೂರು ಸಕ್ಕರೆ ಪುಡಿ ಉಜ್ಜಿದೆ. ಪಿಂಗಾಣಿಯ ಒಳಮೈ ಒರಟು, ಸಣ್ಣ ರಂಧ್ರ ಇರುತ್ತವೆ. ಅವು ಮೊದಲು ಬೆಲೆ ಇಲ್ಲದ ಪುಡಿಯನ್ನು ನುಂಗಲಿ, ಆಮೇಲೆ ಔಷಧವನ್ನು ನುಂಗುವುದಿಲ್ಲ. ನಂತರ ಚಿಟಿಕೆ ಕುಂಕುಮ, ಅಷ್ಟೇ ಗಾತ್ರದ ಸಕ್ಕರೆ. ಅರೆದೆ. ಈಗ ಬಟ್ಟಲಲ್ಲಿ ಎಷ್ಟಿದೆಯೋ ಅಷ್ಟೇ ಸಕ್ಕರೆ ಮತ್ತೆ. ಅರೆದೆ. ಮತ್ತೆ ಅಷ್ಟೇ. ಹೀಗೆ ಪ್ರತಿ ಸಲ ದುಪ್ಪಟ್ಟು. ನಡುವೆ ಪೆಸಲ್‌ಗೆ, ಅಂಚಿಗೆ ಅಂಟಿದ್ದನ್ನು ಸ್ಪ್ಯಾಚುಲಾದಿಂದ ಕೆರೆದು ಮಧ್ಯಕ್ಕೆ ತಂದೆ. ಪೆಸಲ್ ಅನ್ನು ಮಧ್ಯದಿಂದ ಶುರು ಮಾಡಿ ಸುರುಳಿ ಸುತ್ತುತ್ತ ಅಂಚಿಗೆ, ಅಂಚಿನಿಂದ ಮತ್ತೆ ಮಧ್ಯಕ್ಕೆ. ಒಟ್ಟು ಸಮಯ ಅದೇ ಐದು ನಿಮಿಷ. ಕಾಗದದ ಮೇಲೆ ಎಳೆದಾಗ ಒಂದು ಗೆರೆ ಇಲ್ಲ. ಮಗುವಿನ ಉಗುರಿನಂಥ ತಿಳಿ ಬಣ್ಣ, ಎಲ್ಲ ಕಡೆ ಒಂದೇ.

ಅಂಗಡಿಯವರು ಎರಡೂ ಕಾಗದ ಪಕ್ಕ ಪಕ್ಕ ಇಟ್ಟುಕೊಂಡು ನೋಡಿದರು. ಮೂವತ್ತು ವರ್ಷ ಮಾರ್ಟರ್ ಮಾರಿದೀನಿ, ಇದು ಗೊತ್ತಿರಲಿಲ್ಲ ಅಂದರು. ಕಾಗದ ಇಟ್ಟುಕೊಳ್ಳಲಾ ಅಂತ ಕೇಳಿದರು. ಕೊಟ್ಟೆ.

ಇದನ್ನು ನಮ್ಮ ಕಾಲೇಜಿನಲ್ಲಿ ಜಿಯೋಮೆಟ್ರಿಕ್ ಡೈಲ್ಯೂಷನ್ ಅಂತ ಹೇಳಿಕೊಟ್ಟಿದ್ದರು. ಹೆಸರು ದೊಡ್ಡದು, ಕೆಲಸ ಇಷ್ಟೇ. ಅರ್ಧ ಗ್ರಾಂ ಔಷಧವನ್ನು 32 ಗ್ರಾಂ ಮಾಡಬೇಕಾದರೆ ಒಂದು, ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು. ಆರೇ ಮೆಟ್ಟಿಲು. ಆದರೆ ಇದನ್ನು ಹಾರಿಸುವವರು ಎಷ್ಟು ಜನ ಅಂತೀರಿ! ನಾನೂ ಹೊಸತರಲ್ಲಿ ಹಾರಿಸಿದ್ದೇನೆ. ಕೈ ಜೋರಾಗಿ ಓಡಿದರೆ ಸಾಕು ಅಂದುಕೊಂಡಿದ್ದೆ.

ಕುಂಕುಮದ ಪರೀಕ್ಷೆ ಮೂರು ಮಾರ್ಟರ್‌ಗಳಿಗೆ ಮಾಡಿದೆ. ಒಂದರಲ್ಲಿ ಸರಿಯಾದ ದಾರಿಯಲ್ಲಿ ಹೋದರೂ ಗೆರೆ ಬಂತು. ಅದರ ಪೆಸಲ್‌ನ ತಳ ಚಪ್ಪಟೆ. ಇನ್ನೊಂದು ಒಳಗಡೆಯೂ ನುಣ್ಣಗೆ ಗ್ಲೇಜ್ ಆಗಿತ್ತು. ಶೋಕೇಸಿಗೆ ಚೆಂದ, ಅರೆಯಲು ಅಲ್ಲ. ಮೂರನೆಯದು ಕೂಡಿತು, ಅದನ್ನೇ ತಂದೆ. 650 ರೂಪಾಯಿ ಹೇಳಿದರು, ಕಾಗದದ ಋಣಕ್ಕೆ 600 ತೊಗೊಂಡರು.

ತಂದ ಮೊದಲ ರಾತ್ರಿ ಮನೆಯಲ್ಲೇ ಇತ್ತು. ಅವ್ವ ನೋಡಿದಳು. "ಹೊಸಾ ಕಲಬತ್ತಿಗೆ ಅಕ್ಕಿ ಅರದು ಚೆಲ್ಲಬೇಕವಾ" ಅಂದಳು. ಒರಳಿಗೆ ಮಾಡುವ ಶಾಸ್ತ್ರ ಅದು. ನಾನು ಅಕ್ಕಿ ಅರೆಯಲಿಲ್ಲ, ಬಿಸಿನೀರು ಸೋಪು ಹಾಕಿ ತೊಳೆದು ಒಣಗಿಸಿ, ಒಂದು ಹಿಡಿ ಉಪ್ಪು ಅರೆದು ಚೆಲ್ಲಿದೆ. ಉಪ್ಪು ಚೂರು ಬೂದು ಬಣ್ಣಕ್ಕೆ ತಿರುಗಿತು. ಅಂದರೆ ಒಳಗೆ ಕಾರ್ಖಾನೆಯ ಧೂಳು ಇತ್ತು ಅಂತ ತಾನೇ? ಎರಡನೇ ಹಿಡಿ ಬೆಳ್ಳಗೇ ಉಳಿಯಿತು. ಅವ್ವ ಗೆದ್ದಳು ಅಂತ ಹೇಳಲಿಲ್ಲ, ಮುಖ ಹಾಗೇ ಇತ್ತು.

ಮರುದಿನ ಅಂಗಡಿಯಲ್ಲಿ ಇನ್ನೊಂದು ಪರೀಕ್ಷೆ. ಇದು ನನ್ನ ಖುಷಿಗೆ. 20 ಮಿಲಿ ಶೇಂಗಾ ಎಣ್ಣೆ, 5 ಗ್ರಾಂ ಅಕೇಶಿಯಾ ಗೋಂದಿನ ಪುಡಿ, 10 ಮಿಲಿ ನೀರು. ನಾಲ್ಕು, ಒಂದು, ಎರಡರ ಲೆಕ್ಕ. ಮಾರ್ಟರ್ ಪೂರ್ತಿ ಒಣಗಿರಬೇಕು. ಎಣ್ಣೆ ಮತ್ತು ಗೋಂದು ಮೊದಲು, ಗಂಟಿಲ್ಲದ ಹಾಗೆ. ಆಮೇಲೆ ನೀರು ಒಂದೇ ಸಲಕ್ಕೆ. ಸ್ವಲ್ಪ ಸ್ವಲ್ಪ ಹಾಕಿದರೆ ಕೆಟ್ಟಿತು. ಹಾಕಿದ ತಕ್ಷಣ ಒಂದೇ ದಿಕ್ಕಿಗೆ ಬಿರುಸಾಗಿ ತಿರುಗಿಸಬೇಕು. ಒಂದೆರಡು ನಿಮಿಷಕ್ಕೆ ಹಾಲಿನಂತೆ ಬೆಳ್ಳಗಾಗಿ ಪೆಸಲ್‌ನ ಕೆಳಗೆ ಚಟಪಟ ಸದ್ದು ಶುರುವಾಗುತ್ತದೆ. ಅದು ಎಣ್ಣೆ ನೀರು ಕೂಡಿದ ಗುರುತು. ಧಾರವಾಡದಲ್ಲಿ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಮೇಷ್ಟ್ರು ನಮ್ಮ ಮಾರ್ಟರ್ ನೋಡಲೇ ಇಲ್ಲ. ಬೆನ್ನ ಹಿಂದೆ ಕೈ ಕಟ್ಟಿಕೊಂಡು ಸಾಲುಗಳ ನಡುವೆ ಓಡಾಡುತ್ತ ಕಿವಿ ಕೊಡುತ್ತಿದ್ದರು. ಸದ್ದು ಬಂದವರು ಪಾಸು.

ಈ ಮಾರ್ಟರ್‌ನಲ್ಲಿ ಸದ್ದು ಬಂತು. ಎರಡನೇ ನಿಮಿಷಕ್ಕೇ. ಗಾಜಿನ ನಾಲ್ಕಿಂಚಿನದರಲ್ಲಿ ಅದೇ ಲೆಕ್ಕ ಹಾಕಿದೆ, ಹತ್ತು ನಿಮಿಷ ತಿರುಗಿಸಿದರೂ ಎಣ್ಣೆ ಮೇಲೆ ತೇಲುತ್ತಲೇ ಇತ್ತು. ಅದು ಗಾಜಿನ ತಪ್ಪಲ್ಲ. ನುಣ್ಣನೆಯ ಮೈಗೆ ಎಣ್ಣೆಯನ್ನು ಹರಿದು ಹನಿ ಮಾಡುವ ಶಕ್ತಿ ಇಲ್ಲ. ಗಾಜು ಬೇರೆ ಕೆಲಸಕ್ಕೆ. ಜೆನ್ಷಿಯನ್ ವೈಲೆಟ್‌ನಂಥ ಬಣ್ಣದ ಔಷಧ ಕರಗಿಸುವಾಗ ಪಿಂಗಾಣಿ ಬಣ್ಣ ಕುಡಿದು ಬಿಡುತ್ತದೆ, ಆಮೇಲೆ ಒಂದು ವಾರ ಏನು ಅರೆದರೂ ನೇರಳೆ. ಗಾಜಿನದು ಒಂದು ತೊಳೆತಕ್ಕೆ ಸ್ವಚ್ಛ. ಅಷ್ಟಕ್ಕೆ ಮಾತ್ರ ಬಳಸುತ್ತೇನೆ. ಕೊಂಡದ್ದಕ್ಕೆ ಬೇಸರವಿಲ್ಲ, ಹೊಗಳುವಂಥದ್ದೂ ಇಲ್ಲ.

ಈಗ ದೂರು. ಪೆಸಲ್‌ಗೆ ಮರದ ಹಿಡಿ ಇತ್ತು, ತಳ ಮಾತ್ರ ಪಿಂಗಾಣಿ. ಕೈಗೆ ಹಿತ, ನಿಜ. ಮೂರನೇ ತಿಂಗಳಿಗೆ ಮರ ಮತ್ತು ಪಿಂಗಾಣಿ ಸೇರುವ ಜಾಗ ಸಡಿಲವಾಯಿತು. ಅದಕ್ಕಿಂತ ಕೆಟ್ಟದ್ದು ಏನೆಂದರೆ, ಆ ಸಂದಿಯಲ್ಲಿ ಪುಡಿ ಕೂರುತ್ತದೆ. ಒಂದು ದಿನ ಹಿಡಿ ಬಿಚ್ಚಿ ನೋಡಿದೆ. ಒಳಗೆ ಬಿಳಿ, ಹಳದಿ, ಗುಲಾಬಿ ಮೂರು ಪದರ. ನಿನ್ನೆಯ ಔಷಧ ಇವತ್ತಿನ ರೋಗಿಗೆ! ಹೊಟ್ಟೆ ತೊಳಸಿದ ಹಾಗಾಯಿತು. ಹುಬ್ಬಳ್ಳಿಗೆ ಮತ್ತೆ ಹೋದೆ. ಅಂಗಡಿಯವರು ವಾದ ಮಾಡಲಿಲ್ಲ. ಹುಡುಕಿ ಒಂದೇ ತುಂಡಿನ ಪಿಂಗಾಣಿ ಪೆಸಲ್ ಕೊಟ್ಟರು, ಮೇಲೆ ನೂರು ರೂಪಾಯಿ. ಈ ಸಲವೂ ಕುಂಕುಮ ಒಯ್ದಿದ್ದೆ. ಅವರೇ ಸಕ್ಕರೆ ಪುಡಿ ತರಿಸಿದರು, ಪಕ್ಕದ ಚಹಾ ಅಂಗಡಿಯಿಂದ.

ಸ್ಪ್ಯಾಚುಲಾ ಎರಡರಲ್ಲಿ ಒಂದು ಬಂಗಾರ, ಒಂದು ಕಬ್ಬಿಣ. ಅಕ್ಷರಶಃ ಕಬ್ಬಿಣ. ಎರಡನೇ ತಿಂಗಳಲ್ಲಿ ಸ್ಯಾಲಿಸಿಲಿಕ್ ಆಸಿಡ್ ಮುಲಾಮು ಮಾಡುತ್ತಿದ್ದೆ. ಬಿಳಿ ಮುಲಾಮಿನಲ್ಲಿ ಕೂದಲೆಳೆಯಷ್ಟು ನೇರಳೆ ಗೆರೆ ಕಂಡಿತು. ಮೊದಲು ಜೆನ್ಷಿಯನ್ ವೈಲೆಟ್ ಅಂದುಕೊಂಡೆ, ಅಂಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗಿಗೆ ಬೈದೆ. ಆಮೇಲೆ ಕಾಲೇಜಿನ ಲ್ಯಾಬು ನೆನಪಾಯಿತು. ಸ್ಯಾಲಿಸಿಲಿಕ್ ಆಸಿಡ್‌ಗೆ ಫೆರಿಕ್ ಕ್ಲೋರೈಡ್, ಅಂದರೆ ಕಬ್ಬಿಣದ ಲವಣ, ಎರಡು ಹನಿ ಹಾಕಿದರೆ ನೇರಳೆ ಬರುತ್ತದೆ ಅಲ್ವಾ? ಸ್ಪ್ಯಾಚುಲಾ ತಿರುಗಿಸಿ ನೋಡಿದೆ. ಹಿಡಿಯ ರಿವೆಟ್ ಹತ್ತಿರ ತುಕ್ಕು. ತೊಳೆದು ಸರಿಯಾಗಿ ಒರೆಸಿರಲಿಲ್ಲ, ನೀರು ಅಲ್ಲಿ ನಿಂತು ತುಕ್ಕು ಇಳಿದಿತ್ತು. ಆ ಇಡೀ 100 ಗ್ರಾಂ ಚೆಲ್ಲಿದೆ. ಹುಡುಗಿಗೆ ಚಹಾ ತರಿಸಿದೆ, ಬೈದ ತಪ್ಪಿಗೆ. ಈಗ ಸ್ಯಾಲಿಸಿಲಿಕ್ ಆಸಿಡ್‌ಗೆ, ಅಯೋಡಿನ್‌ಗೆ ಪ್ಲಾಸ್ಟಿಕ್ ಸ್ಪ್ಯಾಚುಲಾ ಬೇರೆಯೇ ಇಟ್ಟಿದ್ದೇನೆ. ಸ್ಟೀಲ್‌ನದು ಕೊಳ್ಳುವಾಗ ರಿವೆಟ್ ಇಲ್ಲದ್ದನ್ನು, ಬಗ್ಗಿಸಿದರೆ ಬಿಲ್ಲಿನ ಹಾಗೆ ಬಗ್ಗಿ ನೆಟ್ಟಗಾಗುವುದನ್ನು ನೋಡಿ ತೊಗೊಳ್ಳಿ. ಬಗ್ಗದ ಸ್ಪ್ಯಾಚುಲಾ ಹಲಗೆಯ ಮೇಲೆ ಕೆರೆಯುತ್ತದೆ, ಒತ್ತುವುದಿಲ್ಲ.

ಹಲಗೆಯ ಬಗ್ಗೆ ಒಂದೇ ಒಂದು ದೂರಿಲ್ಲ. ಲ್ಯಾಬಿನ ಅಂಗಡಿಯಲ್ಲಿ ಮುಲಾಮಿನ ಟೈಲ್ ಸಣ್ಣದು ಸಿಕ್ಕಿತು, ಬೇಡ ಅಂದೆ. ಗದಗದಲ್ಲೇ ಕಿಟಕಿ ಗಾಜು ಕತ್ತರಿಸುವವರ ಹತ್ತಿರ ಹನ್ನೆರಡು ಇಂಚು ಚೌಕದ ದಪ್ಪ ಗಾಜು ಕತ್ತರಿಸಿ, ಅಂಚು ಉಜ್ಜಿಸಿಕೊಂಡೆ. 350 ರೂಪಾಯಿ. ಕೆಳಗೆ ಕಪ್ಪು ಕಾಗದ ಇಟ್ಟೆ. ನಮ್ಮ ಮುಲಾಮುಗಳು ಬಹುತೇಕ ಬಿಳಿ, ಬೇಸೂ (ಔಷಧ ಬೆರೆಸುವ ವ್ಯಾಸಲಿನ್‌ನಂಥ ಮುದ್ದೆ) ಬಿಳಿ. ಬಿಳಿ ಹಲಗೆಯ ಮೇಲೆ ಬಿಳಿ ಗಂಟು ಕಾಣುವುದಿಲ್ಲ. ಕಪ್ಪಿನ ಮೇಲೆ ತೆಳ್ಳಗೆ ಎಳೆದರೆ ಪುಡಿಯ ಒಂದೊಂದು ಕಾಳೂ ನಕ್ಷತ್ರದ ಹಾಗೆ ಎದ್ದು ಕಾಣುತ್ತದೆ.

ವಿಟ್‌ಫೀಲ್ಡ್ ಮುಲಾಮು ಮಾಡುವುದನ್ನೇ ಹೇಳುತ್ತೇನೆ, ಹುಳುಕಡ್ಡಿಗೆ ಹಳೆಯ ಔಷಧ. 100 ಗ್ರಾಂಗೆ ಬೆಂಜೋಯಿಕ್ ಆಸಿಡ್ 6 ಗ್ರಾಂ, ಸ್ಯಾಲಿಸಿಲಿಕ್ 3 ಗ್ರಾಂ, ಉಳಿದ 91 ಗ್ರಾಂ ಬೇಸ್. ಎರಡೂ ಪುಡಿ ಬೇರೆ ಬೇರೆ ಅರೆದು ಜರಡಿ ಹಿಡಿಯಬೇಕು. 60 ನಂಬರ್ ಅಂದರೆ ತೂತು 250 ಮೈಕ್ರಾನ್, ಒಂದು ಮಿಲಿಮೀಟರಿನ ಕಾಲು ಭಾಗ. ಮೂಗಿಗೆ ಬಟ್ಟೆ ಕಟ್ಟದೆ ಇದನ್ನು ಮಾಡಬೇಡಿ. ಸ್ಯಾಲಿಸಿಲಿಕ್ ಧೂಳು ಮೂಗಿಗೆ ಹೋದರೆ ಬ್ಯಾಡಗಿ ಮೆಣಸಿನಕಾಯಿ ಕುಟ್ಟುವ ಗಿರಣಿ ಮುಂದೆ ನಿಂತ ಹಾಗೆ. ಬ್ಯಾಡಗಿಯದು ಬರೀ ಬಣ್ಣ, ಖಾರ ಕಡಿಮೆ ಅಂತ ಹಾವೇರಿಯವರು ಹೇಳುತ್ತಾರೆ. ಗಿರಣಿ ಮುಂದೆ ನಿಂತು ಹೇಳಲಿ.

ಪುಡಿಗಳು ಸೇರಿದ ಮೇಲೆ 9 ಗ್ರಾಂ ಆಯಿತು. ಇದನ್ನು ನೇರ 91 ಗ್ರಾಂಗೆ ಸುರಿದರೆ ಗಂಟು ಗ್ಯಾರಂಟಿ. ಹಲಗೆಯ ಮೇಲೆ ಪುಡಿಯನ್ನು ಗುಡ್ಡೆ ಮಾಡಿ, ಪಕ್ಕದಲ್ಲಿ ಅಷ್ಟೇ ಬೇಸ್ ಇಟ್ಟು, ಸ್ಪ್ಯಾಚುಲಾದ ಅಗಲ ಮೈಯನ್ನು ಒತ್ತಿ ಒತ್ತಿ ಎಳೆಯಬೇಕು. ಇಂಗ್ಲಿಷಿನ ಎಂಟರ ಆಕಾರದಲ್ಲಿ. ಗೌಂಡಿ ಗೋಡೆಗೆ ಗಿಲಾವು ಎಳೆಯುತ್ತಾನಲ್ಲ, ಆ ಒತ್ತು. ಕಲಸುವುದಲ್ಲ ಇದು, ಪುಡಿಯ ಪ್ರತಿ ಕಾಳನ್ನು ಬೇಸಿನಿಂದ ಒದ್ದೆ ಮಾಡುವುದು. ಲೆವಿಗೇಷನ್ ಅನ್ನುತ್ತಾರೆ. ಕೆಲವು ಪುಡಿ ಹಟ ಮಾಡುತ್ತವೆ, ಜಿಂಕ್ ಆಕ್ಸೈಡ್‌ನಂಥವು. ಅವಕ್ಕೆ ಮೊದಲು ಕೆಲವು ಹನಿ ಲಿಕ್ವಿಡ್ ಪ್ಯಾರಾಫಿನ್ ಹಾಕಿ ಪೇಸ್ಟ್ ಮಾಡಿಕೊಳ್ಳುತ್ತೇನೆ. ಬೇಸ್ ನೀರಿನ ಜಾತಿಯದಾದರೆ ಗ್ಲಿಸರಿನ್. ಹಾಕಿದ ಹನಿಯ ತೂಕ ಬೇಸಿನಲ್ಲಿ ಕಳೆಯಬೇಕು, ಮರೆಯಬಾರದು. ಕಪ್ಪು ಕಾಗದದ ಮೇಲೆ ಒಂದೂ ನಕ್ಷತ್ರ ಕಾಣದಿದ್ದಾಗ 18 ಗ್ರಾಂ. ಆಮೇಲೆ 36, 72, ಕೊನೆಗೆ ನೂರು. ಇಲ್ಲೂ ಅದೇ ದುಪ್ಪಟ್ಟಿನ ಮೆಟ್ಟಿಲು.

ಏಪ್ರಿಲ್, ಮೇನಲ್ಲಿ ಗದಗದ ಬಿಸಿಲಿಗೆ ವ್ಯಾಸಲಿನ್ ತಾನೇ ಕರಗಿ ಕೂರುತ್ತದೆ, ಒತ್ತಿದರೆ ಜಾರುತ್ತದೆ. ಹಲಗೆಯನ್ನು ಒದ್ದೆ ಬಟ್ಟೆಯ ಮೇಲೆ ಇಟ್ಟರೆ ತುಸು ತಣ್ಣಗಾಗುತ್ತದೆ. ಗಾಜಿಗೆ ಇದೊಂದು ಲಾಭ.

ನಡುವೆ ಒಂದು ಯಂತ್ರದ ಕಥೆಯೂ ಇದೆ. ಡಾಕ್ಟರ ಮಗ ಬೆಂಗಳೂರಿನಲ್ಲಿದ್ದಾನೆ. ಆಂಟಿ ಯಾಕೆ ಕೈ ನೋಯಿಸಿಕೊಳ್ಳುತ್ತೀರಿ ಅಂತ ಆನ್‌ಲೈನಿನಲ್ಲಿ ಸಣ್ಣ ಮಿಕ್ಸಿಂಗ್ ಯಂತ್ರ ತರಿಸಿಕೊಟ್ಟ. ಜಾರಿನಲ್ಲಿ ಬೇಸ್ ಮತ್ತು ಪುಡಿ ಹಾಕಿ ಗುಂಡಿ ಒತ್ತಿದರೆ ಎರಡು ನಿಮಿಷಕ್ಕೆ ಮುಲಾಮು. ಮೇಲೆ ನೋಡಲು ಬೆಣ್ಣೆ. ಜಾರಿನ ಮೇಲಿಂದ, ಮಧ್ಯದಿಂದ, ತಳದ ಮೂಲೆಯಿಂದ ಒಂದೊಂದು ಚೂರು ತೆಗೆದು ಕಪ್ಪು ಕಾಗದದ ಮೇಲೆ ಎಳೆದೆ. ಮೇಲಿನದು ಚೆನ್ನಾಗಿತ್ತು. ತಳದ ಮೂಲೆಯದು ಜೋಳದ ಹಿಟ್ಟಿನ ಹಾಗೆ ಪುಡಿ ಪುಡಿ. ಬ್ಲೇಡು ಆ ಮೂಲೆಗೆ ಮುಟ್ಟುತ್ತಲೇ ಇರಲಿಲ್ಲ. ಜೊತೆಗೆ ಗಾಳಿ ತುಂಬಿಕೊಂಡು ಗುಳ್ಳೆ. ವಾಪಸ್ ಕಳಿಸಿದೆವು. ದೊಡ್ಡ ಆಸ್ಪತ್ರೆಗಳಲ್ಲಿ ಒಳ್ಳೆಯ ಯಂತ್ರಗಳು ಇವೆ, ಬ್ಲೇಡು ಮೇಲೆ ಕೆಳಗೆ ಓಡಾಡುತ್ತ ತಿರುಗುವಂಥವು. ಮುಲಾಮನ್ನು ಮೂರು ಉರುಳೆಗಳ ನಡುವೆ ಹಿಂಡಿ ತೆಗೆಯುವ ಮಿಲ್ಲೂ ಇವೆ. ನಾನು ಯಂತ್ರದ ವೈರಿ ಅಲ್ಲ. ಯಂತ್ರಕ್ಕೂ ಮೂರು ಜಾಗದ ಪರೀಕ್ಷೆ ಮಾಡಿ ಅಂತೀನಿ, ಅಷ್ಟೇ.

ಮನೆಯ ಮಿಕ್ಸಿಯ ವಿಷಯ ಕೇಳಲೇಬೇಡಿ. ಮಾರ್ಟರ್ ಒಡೆದ ದಿನ ಸಂಜೆ ಒಮ್ಮೆ ಪುಡಿ ಹಾಕಿ ನೋಡಿದ್ದೆ. ಅರ್ಧ ಪುಡಿ ಮುಚ್ಚಳಕ್ಕೆ, ಜಾರು ಬಿಸಿ. ಚೆಲ್ಲಿದೆ.

ಪುಡಿಗಳಲ್ಲಿ ಎಲ್ಲವನ್ನೂ ಜೋರಾಗಿ ಅರೆಯಬಾರದು ಅನ್ನುವುದಕ್ಕೆ ನಮ್ಮ ಹುಡುಗಿ ಸಾಕ್ಷಿ. ಹುಲಕೋಟಿಯಿಂದ ಬರುತ್ತಾಳೆ, ಕೋರ್ಸ್ ಮುಗಿಸಿ ಒಂದು ವರ್ಷ. ಒಂದು ಮಧ್ಯಾಹ್ನ ನಾನು ಊಟಕ್ಕೆ ಕೂತಿದ್ದೆ. ಒಳಗಿನಿಂದ ಕೂಗಿದಳು. "ಅಕ್ಕಾ, ಬರ್ರಿಲ್ಲಿ, ಪುಡಿ ನೀರಾತು!" ಹೋಗಿ ನೋಡಿದರೆ ಮಾರ್ಟರ್‌ನಲ್ಲಿ ಎಣ್ಣೆಯಂಥ ನೀರು. ಕರ್ಪೂರ ಮತ್ತು ಮೆಂಥಾಲ್ ಒಟ್ಟಿಗೆ ಅರೆದಿದ್ದಳು. ಎರಡೂ ಒಣ ಹರಳು, ಒಟ್ಟಿಗೆ ಸೇರಿದರೆ ಕರಗುವ ಉಷ್ಣತೆ ಇಳಿದು ತಾವೇ ನೀರಾಗುತ್ತವೆ. ಥೈಮಾಲ್, ಫೀನಾಲ್ ಕೂಡ ಇದೇ ಗುಂಪು. ಪುಡಿಯೇ ಬೇಕಿದ್ದರೆ ಒಂದೊಂದನ್ನೂ ಬೇರೆ ಬೇರೆ ಮೆಗ್ನೀಸಿಯಂ ಕಾರ್ಬೊನೇಟ್‌ನಲ್ಲಿ ಹೊದಿಸಿ, ಆಮೇಲೆ ಸ್ಪ್ಯಾಚುಲಾದಿಂದ ಹಗುರವಾಗಿ ಕೂಡಿಸಬೇಕು. ಮುಲಾಮಿಗೆ ಬೇಕಿದ್ದರೆ ನೀರಾದದ್ದೇ ಒಳ್ಳೆಯದು, ಬೇಸಿನಲ್ಲಿ ಸರಾಗವಾಗಿ ಸೇರುತ್ತದೆ. ಅವತ್ತಿನ ಚೀಟಿ ಅದೃಷ್ಟಕ್ಕೆ ಮುಲಾಮಿನದೇ ಆಗಿತ್ತು. ಅವಳಿಗೆ ಗೊತ್ತಿರಲಿಲ್ಲ, ಅಳುವ ಮುಖ ಮಾಡಿ ನಿಂತಿದ್ದಳು. ಕರ್ಪೂರ ಒಂದೇ ಇದ್ದರೂ ಒಣದಾಗಿ ಅರೆದರೆ ಪೆಸಲ್ ಕೆಳಗೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಎರಡು ಹನಿ ಸ್ಪಿರಿಟ್ ಬಿಟ್ಟರೆ ಪುಡಿಯಾಗುತ್ತದೆ, ಸ್ಪಿರಿಟ್ ಹಾರಿ ಹೋಗುತ್ತದೆ.

ಒಂದನ್ನು ಮಾತ್ರ ಅವಳಿಗೆ ಮೊದಲ ದಿನವೇ ಹೇಳಿದ್ದೆ. ಪೊಟ್ಯಾಸಿಯಂ ಪರ್ಮಾಂಗನೇಟನ್ನು ಗ್ಲಿಸರಿನ್, ಸಕ್ಕರೆ ಇಂಥವುಗಳ ಜೊತೆ ಮಾರ್ಟರ್‌ನಲ್ಲಿ ಯಾವತ್ತೂ ಅರೆಯಬಾರದು. ಬೆಂಕಿ ಹತ್ತುತ್ತದೆ.

ಜರಡಿಗೆ ಪೂರ್ತಿ ಅಂಕ. ಅದರ ಬೆಲೆ ನನಗೆ ಗೊತ್ತಾದದ್ದು ಒಬ್ಬ ಮುದುಕರಿಂದ. ಮುಂಡರಗಿ ಕಡೆಯವರು. ಬೆವರುಸಾಲೆಗೆ ಕರ್ಪೂರ ಹಾಕಿದ ಪುಡಿಯ ಡಬ್ಬಿ ಒಯ್ದಿದ್ದರು. ವಾರ ಬಿಟ್ಟು ಬಂದು, "ಯವ್ವಾ, ಮ್ಯಾಲಿಂದು ಉರೀತೈತಿ, ತಳದಾಗಿಂದು ಹಿಟ್ಟು ಹಚ್ಚಿದಂಗ ಐತಿ" ಅಂದರು. ಅರೆದು ಚೆನ್ನಾಗಿಯೇ ಕೂಡಿಸಿದ್ದೆ, ಆದರೆ ಅವತ್ತು ಅವಸರಕ್ಕೆ ಜರಡಿ ಹಿಡಿದಿರಲಿಲ್ಲ. ಕರ್ಪೂರದ ಕಾಳು ದಪ್ಪ, ಟಾಲ್ಕ್ ಸಣ್ಣದು. ಬಸ್ಸಿನಲ್ಲಿ ಕುಲುಕಿದಾಗ ಸಣ್ಣದು ಸಂದಿಗಳಲ್ಲಿ ಇಳಿದು ತಳ ಸೇರಿತು, ದಪ್ಪದ್ದು ಮೇಲೆ ಬಂತು. ಅವಲಕ್ಕಿ ಚೂಡಾದ ಡಬ್ಬಿ ನೋಡಿದ್ದೀರಲ್ಲ? ಎಷ್ಟು ಕೂಡಿಸಿ ತುಂಬಿದರೂ ನಾಲ್ಕು ದಿನಕ್ಕೆ ಶೇಂಗಾ ಮೇಲೆ, ಉಪ್ಪು ಖಾರ ತಳದಲ್ಲಿ. ಈಗ ಎಲ್ಲವನ್ನೂ ಒಂದೇ ಜರಡಿಯಲ್ಲಿ ಹಾಯಿಸಿ ಒಂದೇ ಗಾತ್ರಕ್ಕೆ ತಂದ ಮೇಲೆಯೇ ಕೂಡಿಸುತ್ತೇನೆ. ಆ ಅಜ್ಜನವರಿಗೆ ಹೊಸ ಡಬ್ಬಿ ಕೊಟ್ಟೆ, ದುಡ್ಡು ತೊಗೊಳ್ಳಲಿಲ್ಲ.

ಚರ್ಮದ ಪುಡಿಗೆ ಇಷ್ಟು ತಾಪತ್ರಯವಾದರೆ ಹೊಟ್ಟೆಗೆ ಹೋಗುವುದಕ್ಕೆ ಹೇಗಿರಬೇಕು? ಮಕ್ಕಳ ಡಾಕ್ಟರ ಚೀಟಿ ಬಂದಾಗ ನಾನು ಫೋನು ಮುಟ್ಟುವುದಿಲ್ಲ. 10 ಮಿಲಿಗ್ರಾಂನ ಐದು ಗುಳಿಗೆಯಿಂದ ಒಂದೊಂದು ಮಿಲಿಗ್ರಾಂನ ಐವತ್ತು ಪೊಟ್ಟಣ ಅಂತ ಇಟ್ಟುಕೊಳ್ಳಿ. ಐದು ಗುಳಿಗೆ ಅರೆದರೆ ಮುಕ್ಕಾಲು ಗ್ರಾಂ ಪುಡಿ. ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಕೂಡಿಸುತ್ತ ಒಂದೂವರೆ, ಮೂರು, ಆರು, ಕೊನೆಗೆ ಹತ್ತು ಗ್ರಾಂ. ಪೊಟ್ಟಣಕ್ಕೆ 200 ಮಿಲಿಗ್ರಾಂ. ತಕ್ಕಡಿ ಎಲ್ಲ ಪೊಟ್ಟಣಕ್ಕೂ 200 ಅಂತಲೇ ತೋರಿಸುತ್ತದೆ. ಒಂದರಲ್ಲಿ ಔಷಧ ಎರಡು ಪಾಲು ಇದ್ದು ಇನ್ನೊಂದರಲ್ಲಿ ಬರೀ ಲ್ಯಾಕ್ಟೋಸ್ ಇದ್ದರೂ ತಕ್ಕಡಿಗೆ ಗೊತ್ತಾಗುವುದಿಲ್ಲ. ಅರೆದ ಕೈಗೆ ಮಾತ್ರ ಗೊತ್ತು. ಈ ಕೆಲಸದಲ್ಲಿ ಆ 600 ರೂಪಾಯಿಯ ಬಟ್ಟಲು ನನಗೆ ಎಂಟು ತಿಂಗಳಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ. ಆರಿಂಚಿನದರಲ್ಲಿ 50–60 ಗ್ರಾಂ ಪುಡಿ ಆರಾಮ. ಅದಕ್ಕಿಂತ ಜಾಸ್ತಿ ತುಂಬಿದರೆ ಅಂಚಿನಿಂದ ಚೆಲ್ಲುತ್ತದೆ, ಅರೆಯುವುದೂ ಸರಿಯಾಗುವುದಿಲ್ಲ.

ತೊಳೆಯುವುದು ಸಲೀಸು. ಮುಲಾಮಿನ ಜಿಡ್ಡನ್ನು ಮೊದಲು ಕಾಗದದಿಂದ ಒರೆಸಿ, ಆಮೇಲೆ ಬಿಸಿನೀರು ಸೋಪು. ನೀರು ಮೊದಲು ಹಾಕಿದರೆ ಜಿಡ್ಡು ಹರಡಿ ರಂಧ್ರ ಸೇರುತ್ತದೆ.

ಅಂಕ ಕೊಡಲೇಬೇಕು ಅಂದರೆ ಬಟ್ಟಲಿಗೆ ಐದಕ್ಕೆ ನಾಲ್ಕೂವರೆ. ಸುರಿಯುವ ಮೂತಿ ಇನ್ನೂ ಚೂಪಾಗಿ ಇರಬೇಕಿತ್ತು, ಲೋಷನ್ ಸುರಿದರೆ ಹೊರಗೆ ಇಳಿಯುತ್ತದೆ. ಕ್ಯಾಲಮೈನ್ ಮಾಡಿದ ದಿನ ಕಟ್ಟೆಯೆಲ್ಲ ಗುಲಾಬಿ. ಮರದ ಹಿಡಿಯ ಪೆಸಲ್‌ಗೆ ಒಂದು, ಅದೂ ಕೈಗೆ ಹಿತವಾಗಿದ್ದಕ್ಕೆ. ಒಂದೇ ತುಂಡಿನದಕ್ಕೆ ಐದು. ರಿವೆಟ್ ಇರುವ ಸ್ಪ್ಯಾಚುಲಾಗೆ ಸೊನ್ನೆ. ಅದರಲ್ಲಿ ಈಗ ಅವ್ವ ಹೆಂಚಿನ ಮೇಲಿನ ರೊಟ್ಟಿ ತಿರುವುತ್ತಾಳೆ, ಅವಳು ಐದು ಕೊಡಬಹುದು. ಹಾಗೆ ಒಯ್ಯುವ ಮೊದಲು ನಾಲ್ಕು ಸಲ ತೊಳೆದು, ತುಕ್ಕು ತಿಕ್ಕಿ, ಕುದಿಸಿ ಕೊಟ್ಟಿದ್ದೇನೆ, ಗಾಬರಿಯಾಗಬೇಡಿ.

ಇದನ್ನೆಲ್ಲ ಓದಿ ಮನೆಯಲ್ಲಿ ಔಷಧ ಅರೆಯಲು ಹೊರಡಬೇಡಿ. ಡಾಕ್ಟರ ಚೀಟಿ, ನೋಂದಣಿ ಇರುವ ಫಾರ್ಮಸಿಸ್ಟ್, ಇವೆರಡಿಲ್ಲದೆ ಈ ಕೆಲಸವಿಲ್ಲ. ಬರೆದದ್ದು ನನ್ನಂತೆ ಸಣ್ಣ ಊರುಗಳಲ್ಲಿ ಇನ್ನೂ ಅರೆಯುತ್ತ ಕೂತವರಿಗೆ, ಕೋರ್ಸ್ ಮುಗಿಸಿ ಬಂದ ಮಕ್ಕಳಿಗೆ.

ಅಂಗಡಿಗೆ ಹೋಗುವವರು ಬೆಳಿಗ್ಗೆ ಹತ್ತೂವರೆ ನಂತರ ಹೋಗಿ. ಭಾನುವಾರ ಬಾಗಿಲು ಹಾಕಿರುತ್ತದೆ. ಗಟ್ಟಿ ಚೀಲ ಒಯ್ಯಿರಿ, ಅವರು ಕೊಡುವ ಕ್ಯಾರಿಬ್ಯಾಗ್ ತಾಳುವುದಿಲ್ಲ. ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮು ಜಗತ್ತಿನಲ್ಲೇ ಉದ್ದದ್ದು, 1,507 ಮೀಟರ್. ಎರಡು ಮಾರ್ಟರ್ ಹೊತ್ತು ಅದರ ಆ ತುದಿಗೆ ಗದಗದ ಗಾಡಿ ಹಿಡಿಯಲು ನಡೆದಿದ್ದೇನೆ. ಕ್ಯಾರಿಬ್ಯಾಗಿನ ಹಿಡಿ ಅರ್ಧ ದಾರಿಯಲ್ಲೇ ಹರಿಯಿತು. ಉಳಿದ ದಾರಿ ಮಾರ್ಟರನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡು ನಡೆದೆ. ಚಹಾದ ಹುಡುಗನೊಬ್ಬ ದಾರಿ ಬಿಟ್ಟು ಸರಿದು ನಿಂತ, ಒಳಗೆ ದೇವರಿದೆ ಅಂದುಕೊಂಡನೋ ಏನೋ.